ಸ್ಟೋನ್ಸ್ ಡಾಕ್ಯುಮೆಂಟರಿ ನೋಡುವಾಗ ಚಾರ್ಲಿ ಮುಖ ನೋಡಿ

ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಅಭಿಮಾನಿಗಳು ನಾಲ್ಕು ಜನ ಒಟ್ಟಿಗೆ ಕೂತರೆ ಹಾಡಿನ ವಿಷಯಕ್ಕೆ ಅಷ್ಟೇನೂ ಜಗಳ ಆಗುವುದಿಲ್ಲ. ಒಳ್ಳೆ ಹಾಡು ಯಾವುದು ಅನ್ನುವುದರಲ್ಲಿ ಎಲ್ಲರದೂ ಹೆಚ್ಚುಕಡಿಮೆ ಒಂದೇ ಪಟ್ಟಿ. ಜಗಳ ಹತ್ತಿಕೊಳ್ಳುವುದು ಡಾಕ್ಯುಮೆಂಟರಿಗಳ ಮಾತು ಬಂದಾಗ. 'ಗಿಮ್ಮಿ ಶೆಲ್ಟರ್' ಬಿಟ್ಟರೆ ಮಿಕ್ಕಿದ್ದೆಲ್ಲ ಜಾಹೀರಾತು ಅಂತ ಒಬ್ಬರು. ಅದರಲ್ಲಿ ಬ್ಯಾಂಡ್ ಎಲ್ಲಿದೆ, ಬರೀ ಒಂದು ಕೆಟ್ಟ ದಿನ ಇದೆ ಅಷ್ಟೇ ಅಂತ ಇನ್ನೊಬ್ಬರು. 'ಕ್ರಾಸ್‌ಫೈರ್ ಹರಿಕೇನ್' ನೋಡಿದರೆ ಪೂರ್ತಿ ಕಥೆ ಸಿಗುತ್ತದೆ ಅಂತ ಮೂರನೆಯವರು ಬಾಯಿ ಬಿಟ್ಟರೋ ಮುಗಿಯಿತು, ಉಳಿದ ಇಬ್ಬರೂ ಅವರ ಮೇಲೆ ಬೀಳುತ್ತಾರೆ.

ಹೊಸದಾಗಿ ಕೇಳಲು ಶುರು ಮಾಡಿದವರಿಗೆ ಇದು ತಲೆನೋವು. 1962ರಲ್ಲಿ ಶುರುವಾದ ಬ್ಯಾಂಡ್ ಇದು, ಇವತ್ತಿಗೂ ನಿಂತಿಲ್ಲ. ಇವರು ಹುಡುಗರಾಗಿದ್ದಾಗಿಂದ ಹಿಡಿದು ಅಜ್ಜಂದಿರಾಗುವವರೆಗೆ ಯಾರಾದರೊಬ್ಬರು ಕ್ಯಾಮೆರಾ ಹಿಡಿದುಕೊಂಡು ಹಿಂದೆ ಇದ್ದೇ ಇದ್ದರು. ಫ್ರೆಂಚ್ ನಿರ್ದೇಶಕ ಗೊದಾರ್ ತೆಗೆದಿದ್ದಾರೆ, ರಾಬರ್ಟ್ ಫ್ರಾಂಕ್ ತೆಗೆದಿದ್ದಾರೆ, ಹ್ಯಾಲ್ ಆಶ್ಬಿ, ಸ್ಕೋರ್ಸೇಸಿ, ಬಿಬಿಸಿ ಎಲ್ಲರೂ ತೆಗೆದಿದ್ದಾರೆ. ಎಲ್ಲದರಲ್ಲೂ ಅದೇ ಜನ, ಅದೇ ಹಾಡು. ಆದರೆ ಒಂದರ ಕಥೆ ಇನ್ನೊಂದಕ್ಕೆ ತಾಳೆ ಆಗುವುದಿಲ್ಲ. ಹಾಗಾದರೆ ಯಾವುದು ನಿಜ?

ಈ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ವಾದ.

ನಮ್ಮ ಕಡೆ ಮದುವೆ ವಿಡಿಯೊ ನೋಡಿದ್ದೀರಲ್ಲ, ಅದನ್ನೇ ನೆನಪಿಸಿಕೊಳ್ಳಿ. ಧಾರೆ ಇರುತ್ತದೆ, ಆರತಕ್ಷತೆ ಇರುತ್ತದೆ, ದೊಡ್ಡಪ್ಪ ನಗುತ್ತ ಕೈಮುಗಿಯುವುದೂ ಇರುತ್ತದೆ. ಊಟದ ಪಂಕ್ತಿಯಲ್ಲಿ ಬೀಗರ ಕಡೆಯವರಿಗೆ ಹೋಳಿಗೆ ಬರಲಿಲ್ಲ ಅಂತ ಆದ ರಂಪ ಮಾತ್ರ ಇರುವುದಿಲ್ಲ. ವಿಡಿಯೊದವನು ಸುಳ್ಳು ಹೇಳಿಲ್ಲ. ಅವನಿಗೆ ದುಡ್ಡು ಕೊಟ್ಟವರು ಯಾರು, ಅವನು ಎಲ್ಲಿ ನಿಂತಿದ್ದ, ಕೊನೆಗೆ ಕತ್ತರಿ ಹಾಕುವಾಗ ಪಕ್ಕದಲ್ಲಿ ಯಾರು ಕೂತಿದ್ದರು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಬ್ಯಾಂಡ್ ಡಾಕ್ಯುಮೆಂಟರಿಗಳದ್ದೂ ಇದೇ ಕಥೆ. ಸ್ಟೋನ್ಸ್ ವಿಷಯದಲ್ಲಿ ಇದರ ಜೊತೆ ಇನ್ನೂ ಒಂದು ಗಂಟು ಇದೆ: ಹಾಡು ಯಾರದ್ದು?

ಆ ಗಂಟನ್ನೇ ಮೊದಲು ಬಿಡಿಸೋಣ, ಯಾಕೆಂದರೆ ಅರ್ಧ ಗೊಂದಲ ಅಲ್ಲಿಂದಲೇ ಹುಟ್ಟುವುದು. ಸಿನಿಮಾದಲ್ಲಿ ಒಂದು ಹಾಡು ಬಳಸಬೇಕಾದರೆ ಎರಡು ಬೀಗ ತೆಗೆಯಬೇಕು. ಒಂದು, ಆ ಹಾಡನ್ನು ಬರೆದವರ ಹಕ್ಕು. ಇನ್ನೊಂದು, ಸ್ಟುಡಿಯೊದಲ್ಲಿ ಮುದ್ರಿಸಿದ ಧ್ವನಿಯ ಹಕ್ಕು. ಎರಡಕ್ಕೂ ಬೇರೆ ಬೇರೆ ಕಡೆ ಕೇಳಬೇಕು, ದುಡ್ಡೂ ಬೇರೆ ಬೇರೆ. 1965ರಲ್ಲಿ ಅಲೆನ್ ಕ್ಲೈನ್ ಅನ್ನುವ ಅಮೆರಿಕದ ಮ್ಯಾನೇಜರ್ ಸ್ಟೋನ್ಸ್ ವ್ಯವಹಾರಕ್ಕೆ ಕೈಹಾಕಿದರು. ಐದಾರು ವರ್ಷದಲ್ಲಿ ಸಂಬಂಧ ಕೆಟ್ಟಿತು, ಕೋರ್ಟ್‌ವರೆಗೂ ಹೋಯಿತು. ಆದರೆ ಅರವತ್ತರ ದಶಕದ ಹಾಡುಗಳು ಕ್ಲೈನ್ ಅವರ ಆಬ್ಕೊ ಕಂಪನಿಯ ಹತ್ತಿರವೇ ಉಳಿದವು. 'ಸ್ಯಾಟಿಸ್‌ಫ್ಯಾಕ್ಷನ್', 'ಪೇಂಟ್ ಇಟ್ ಬ್ಲ್ಯಾಕ್', ಎಲ್ಲ ಅಲ್ಲೇ. 1969ರ ಡಿಸೆಂಬರ್‌ನಲ್ಲಿ ಮುದ್ರಿಸಿ 1971ರಲ್ಲಿ ಹೊರಗೆ ಬಿಟ್ಟ 'ವೈಲ್ಡ್ ಹಾರ್ಸಸ್' ತರಹದ ಹಾಡುಗಳಲ್ಲಂತೂ ಇಬ್ಬರಿಗೂ ಪಾಲು. ಆಸ್ತಿ ಪಾಲಾದ ಮೇಲೆ ಬಾವಿ ಮಾತ್ರ ಜಂಟಿ ಖಾತೆಯಲ್ಲಿ ಉಳಿಯುತ್ತದಲ್ಲ, ಹಾಗೆ.

ಇದು ಗೊತ್ತಿದ್ದರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸ್ಟೋನ್ಸ್ ಡಿವಿಡಿಗಳಲ್ಲಿ ಸ್ಟೋನ್ಸ್ ಹಾಡೇ ಯಾಕೆ ಇರುವುದಿಲ್ಲ ಅನ್ನುವುದು ತಿಳಿಯುತ್ತದೆ. ನಾಲ್ಕು ಜನ ಪತ್ರಕರ್ತರು ಪುಸ್ತಕದ ಕಪಾಟಿನ ಮುಂದೆ ಕೂತು ಒಂದೂವರೆ ಗಂಟೆ ಮಾತಾಡುತ್ತಾರೆ, ಹಿಂದೆ ಯಾವುದೋ ಹೆಸರಿಲ್ಲದ ಗಿಟಾರು ಗುಂಯ್ ಅನ್ನುತ್ತಿರುತ್ತದೆ. ಬೀಗದ ಕೈ ಸಿಗದವರು ಮಾಡಿದ ಸಿನಿಮಾ ಅದು. ಬೈಯಬೇಡಿ, ಕೆಲವೊಮ್ಮೆ ಅವರೇ ಧೈರ್ಯವಾಗಿ ಮಾತಾಡುವುದು. ಹಾಡು ಧಾರಾಳವಾಗಿ ಇದೆ ಅಂದರೆ ಬ್ಯಾಂಡೋ ಆಬ್ಕೊವೋ ಒಪ್ಪಿಗೆ ಕೊಟ್ಟಿದೆ ಅಂತಲೇ ಅರ್ಥ. ಒಪ್ಪಿಗೆ ಸುಮ್ನೆ ಸಿಗುವುದಿಲ್ಲ.

ಈಗ ಒಂದು ಉದಾಹರಣೆ. 1965ರ ಸೆಪ್ಟೆಂಬರ್‌ನಲ್ಲಿ ಬ್ಯಾಂಡ್ ಐರ್ಲೆಂಡಿಗೆ ಹೋಯಿತು, ಡಬ್ಲಿನ್ ಮತ್ತು ಬೆಲ್‌ಫಾಸ್ಟ್. ಪೀಟರ್ ವೈಟ್‌ಹೆಡ್ ಅನ್ನುವ ನಿರ್ದೇಶಕರು ಕ್ಯಾಮೆರಾ ಹಿಡಿದು ಜೊತೆಗೆ ಹೋದರು. ಅದೇ 'ಚಾರ್ಲಿ ಈಸ್ ಮೈ ಡಾರ್ಲಿಂಗ್'. 1966ರಲ್ಲಿ ಒಂದು ರೂಪದಲ್ಲಿ ಮುಗಿಯಿತು, ಆದರೆ ಜನರಿಗೆ ಸರಿಯಾಗಿ ಸಿಗಲೇ ಇಲ್ಲ. 2012ರಲ್ಲಿ ಆಬ್ಕೊ ಅದೇ ರೀಲುಗಳನ್ನು ತೊಳೆದು, ಹೊಸದಾಗಿ ಸಿಕ್ಕಿದ ದೃಶ್ಯಗಳನ್ನು ಸೇರಿಸಿ, ಬೇರೆಯವರ ಕೈಯಲ್ಲಿ ಮತ್ತೆ ಕತ್ತರಿಸಿ ಜೋಡಿಸಿ ಬಿಡುಗಡೆ ಮಾಡಿತು. ಈಗ ನೋಡಲು ಚಂದ, ಧ್ವನಿ ಸ್ಪಷ್ಟ, ವೇದಿಕೆಯ ಮೇಲೆ ಹುಡುಗರು ನುಗ್ಗಿಬರುವುದು ನೋಡಿದರೆ ಮೈ ಜುಂ ಅನ್ನುತ್ತದೆ. ಹಳೆಯದು ನಿಧಾನ, ಸ್ವಲ್ಪ ಪೆದ್ದು ಪೆದ್ದು, ಸುಸ್ತಾದ ಹುಡುಗರ ಚಿತ್ರ. ಒಂದೇ ರೀಲು, ಎರಡು ಸಿನಿಮಾ. ಮೊದಲನೆಯದರಲ್ಲಿ ಇದು ಎಷ್ಟು ದಿನ ನಡೆಯುತ್ತದೋ ಯಾರಿಗೂ ಗೊತ್ತಿಲ್ಲ. ಎರಡನೆಯದನ್ನು ಮಾಡಿದವರಿಗೆ ಇದು ಐವತ್ತು ವರ್ಷ ನಡೆಯುತ್ತದೆ ಅಂತ ಗೊತ್ತಿದೆ. ಈ ಗೊತ್ತಿರುವುದು ಪ್ರತಿ ಕಟ್‌ನಲ್ಲೂ ಕಾಣುತ್ತದೆ.

ಹೆಸರಿನಲ್ಲಿರುವ ಚಾರ್ಲಿ ಅಂದರೆ ಡ್ರಮ್ಮರ್ ಚಾರ್ಲಿ ವಾಟ್ಸ್. ಹಾಡುಗಾರ ಮಿಕ್ ಜಾಗರ್ ಕ್ಯಾಮೆರಾ ಕಂಡರೆ ನಟಿಸುತ್ತಾರೆ, ಆಗಲೂ ಅಷ್ಟೇ ಈಗಲೂ ಅಷ್ಟೇ. ಗಿಟಾರಿಸ್ಟ್ ಬ್ರಯಾನ್ ಜೋನ್ಸ್ ತೂಕದ ಮಾತಾಡುತ್ತಾರೆ. ಚಾರ್ಲಿ ಮಾತ್ರ ಎತ್ತಲೋ ನೋಡುತ್ತ, ನಾನೇನು ದೊಡ್ಡ ಸಂಗೀತಗಾರ ಅಲ್ಲ ಅನ್ನುವ ಧಾಟಿಯಲ್ಲಿ ಮುಜುಗರಪಟ್ಟು ಉತ್ತರ ಕೊಡುತ್ತಾರೆ. ನನಗೆ ಆವತ್ತಿಂದ ಒಂದು ಚಟ ಅಂಟಿಕೊಂಡಿತು. ಯಾವ ಸ್ಟೋನ್ಸ್ ಡಾಕ್ಯುಮೆಂಟರಿ ಹಾಕಿದರೂ ಚಾರ್ಲಿ ಮುಖ ಹುಡುಕುತ್ತೇನೆ. ಆ ಮನುಷ್ಯನಿಗೆ ನಟನೆ ಬರುತ್ತಿರಲಿಲ್ಲ. ಅದಕ್ಕೇ ಅವರ ಮುಖ ಒಂಥರಾ ಥರ್ಮಾಮೀಟರ್.

ಗೊದಾರ್ ಸಿನಿಮಾ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಅದನ್ನು ಪೂರ್ತಿ ನೋಡಿ ಮುಗಿಸುವವರು ಕಡಿಮೆ. 1968ರ ಜೂನ್, ಲಂಡನ್ನಿನ ಒಲಿಂಪಿಕ್ ಸ್ಟುಡಿಯೊ. 'ಸಿಂಪಥಿ ಫಾರ್ ದಿ ಡೆವಿಲ್' ಹಾಡು ಹುಟ್ಟುವುದನ್ನು ಕ್ಯಾಮೆರಾ ಸುಮ್ಮನೆ ಆ ಕಡೆ ಈ ಕಡೆ ತಿರುಗುತ್ತ ನೋಡುತ್ತದೆ. ಮೊದಲು ಹಾಡು ಆಮೆಗತಿಯಲ್ಲಿದೆ. ದಿನ ಕಳೆದಂತೆ ತಾಳ ಬದಲಾಗುತ್ತದೆ, ಬಾಸ್ ಗಿಟಾರ್ ಇನ್ನೊಬ್ಬ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಕೈಗೆ ಹೋಗುತ್ತದೆ, ಬಾಸ್ ನುಡಿಸಬೇಕಾದ ಬಿಲ್ ವೈಮನ್ ಗಿಲಕಿ ಆಡಿಸುತ್ತ ನಿಲ್ಲುತ್ತಾರೆ, ಕೊನೆಗೆ ಅದು ಸಾಂಬಾ ಆಗಿ ಕುಣಿಯಲು ಶುರು ಮಾಡುತ್ತದೆ. ಅದೇ ದಿನಗಳಲ್ಲಿ ರಾಬರ್ಟ್ ಕೆನಡಿ ಹತ್ಯೆ ಆಯಿತು. ಹಾಡಿನಲ್ಲಿ ಒಬ್ಬ ಕೆನಡಿ ಇದ್ದ ಸಾಲಿಗೆ ಇಬ್ಬರು ಬಂದರು. ಬ್ಯಾಂಡ್ ಕಟ್ಟಿದ ಬ್ರಯಾನ್ ಜೋನ್ಸ್ ಮಾತ್ರ ಒಂದು ಗೂಡಿನೊಳಗೆ ಒಬ್ಬರೇ ಕೂತು ಗಿಟಾರ್ ಮೀಟುತ್ತಿರುತ್ತಾರೆ, ಅವರ ಕಡೆ ಯಾರ ಗಮನವೂ ಇಲ್ಲ. ಒಂದು ವರ್ಷ ಕಳೆದು, 1969ರ ಜುಲೈ 3ರಂದು ಅವರು ತೀರಿಕೊಂಡರು. ಯಾವ ವಿವರಣೆಯೂ ಇಲ್ಲದೆ ಆ ಗೂಡು ಎಲ್ಲವನ್ನೂ ಹೇಳಿಬಿಡುತ್ತದೆ. ಅಂದಹಾಗೆ ಇಲ್ಲೂ ಕತ್ತರಿ ಜಗಳ ಆಯಿತು. ಗೊದಾರ್ ಪೂರ್ತಿ ಹಾಡು ಕೇಳಿಸಬಾರದು ಅಂತ ಇಟ್ಟಿದ್ದರು, ನಿರ್ಮಾಪಕರು ಕೊನೆಯಲ್ಲಿ ಇಡೀ ಹಾಡು ಸೇರಿಸಿದರು. ಲಂಡನ್ ಚಿತ್ರೋತ್ಸವದಲ್ಲಿ ಗೊದಾರ್ ನಿರ್ಮಾಪಕರಿಗೆ ಹೊಡೆದೇಬಿಟ್ಟರು.

ಈಗ 'ಗಿಮ್ಮಿ ಶೆಲ್ಟರ್'. ಇದರ ಬಗ್ಗೆ ನಿಧಾನವಾಗಿ ಮಾತಾಡಬೇಕು.

1969ರ ಕೊನೆಯಲ್ಲಿ ಸ್ಟೋನ್ಸ್ ಅಮೆರಿಕ ಸುತ್ತುತ್ತಿದ್ದರು. ಆಲ್ಬರ್ಟ್ ಮತ್ತು ಡೇವಿಡ್ ಮೇಸಲ್ಸ್ ಅನ್ನುವ ಅಣ್ಣತಮ್ಮಂದಿರು ಚಿತ್ರೀಕರಣ ಮಾಡುತ್ತಿದ್ದರು. ಇವರದ್ದು ಒಂದು ಪದ್ಧತಿ. ವಿವರಣೆ ಕೊಡುವ ಧ್ವನಿ ಇರುವುದಿಲ್ಲ, ಕೂರಿಸಿ ಪ್ರಶ್ನೆ ಕೇಳುವುದಿಲ್ಲ, ನಡೆಯುವುದನ್ನು ನೋಡುವುದು ಅಷ್ಟೇ. ಪ್ರವಾಸ ಮುಗಿಸುವಾಗ ಕ್ಯಾಲಿಫೋರ್ನಿಯಾದಲ್ಲಿ ಒಂದು ಬಿಟ್ಟಿ ಕಾರ್ಯಕ್ರಮ ಕೊಡೋಣ ಅಂತಾಯಿತು. ಸಿಯರ್ಸ್ ಪಾಯಿಂಟ್ ಅನ್ನುವ ರೇಸ್ ಟ್ರ್ಯಾಕ್ ಗೊತ್ತಾಗಿತ್ತು. ಆ ಜಾಗದ ಒಡೆತನ ಇದ್ದ ಫಿಲ್ಮ್‌ವೇಸ್ ಕಂಪನಿ ದುಡ್ಡಿನ ಜೊತೆಗೆ ಈ ಸಿನಿಮಾದ ಹಂಚಿಕೆ ಹಕ್ಕನ್ನೂ ಕೇಳಿತು. ಮಾತುಕತೆ ಮುರಿಯಿತು. ಕೊನೇ ಗಳಿಗೆಯಲ್ಲಿ ಎಲ್ಲವನ್ನೂ ಎತ್ತಿಕೊಂಡು ಆಲ್ಟಮಾಂಟ್ ಅನ್ನುವ ಇನ್ನೊಂದು ರೇಸ್ ಟ್ರ್ಯಾಕ್‌ಗೆ ಓಡಿದರು. ಮೊದಲಿನ ಜಾಗದಲ್ಲಿ ವೇದಿಕೆ ದಿಬ್ಬದ ಮೇಲೆ ಬರುತ್ತಿತ್ತು, ಅದಕ್ಕೆ ತಗ್ಗಾಗಿ ಮಾಡಿದ್ದರು, ಒಂದು ಮೀಟರ್ ಎತ್ತರ. ಆಲ್ಟಮಾಂಟ್‌ನಲ್ಲಿ ಅದೇ ವೇದಿಕೆ ಇಳಿಜಾರಿನ ಕೆಳಗೆ ಬಂತು. ಸುಮಾರು 3 ಲಕ್ಷ ಜನ ಮೇಲಿಂದ ಒತ್ತುತ್ತಿದ್ದಾರೆ, ವೇದಿಕೆ ಸೊಂಟದ ಎತ್ತರಕ್ಕಿದೆ, ಕಾವಲಿಗೆ ಹೆಲ್ಸ್ ಏಂಜಲ್ಸ್ ಅನ್ನುವ ಬೈಕ್ ಗ್ಯಾಂಗ್ ನಿಂತಿದೆ. ಏನಾಗಬೇಕೋ ಅದೇ ಆಯಿತು. ಡಿಸೆಂಬರ್ 6ರ ರಾತ್ರಿ ಮೆರಿಡಿತ್ ಹಂಟರ್ ಅನ್ನುವ 18 ವರ್ಷದ ಕಪ್ಪು ಹುಡುಗನನ್ನು ವೇದಿಕೆ ಮುಂದೆಯೇ ಚೂರಿಯಿಂದ ಇರಿದು ಕೊಂದರು.

ಗಮನಿಸಿದಿರಾ? ಕಾರ್ಯಕ್ರಮದ ಜಾಗ ಬದಲಾಗಲು ಒಂದು ಕಾರಣ ಈ ಸಿನಿಮಾದ ಹಕ್ಕೇ. ಅಂದರೆ ಡಾಕ್ಯುಮೆಂಟರಿ ಇಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದಷ್ಟೇ ಅಲ್ಲ, ನಡೆದದ್ದರಲ್ಲಿ ಅದಕ್ಕೂ ಪಾಲಿದೆ. ಆಗಿನ ದೊಡ್ಡ ವಿಮರ್ಶಕಿ ಪಾಲಿನ್ ಕೇಲ್ ಇದೇ ಎಳೆ ಹಿಡಿದು ಸಿನಿಮಾ ಮಾಡಿದವರನ್ನು ಜಾಡಿಸಿದರು. ಮೇಸಲ್ಸ್ ಕಡೆಯವರು ಅಷ್ಟೇ ಬಿರುಸಾಗಿ ಉತ್ತರ ಕೊಟ್ಟರು. ಅಭಿಮಾನಿಗಳಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ, ನನಗನ್ನಿಸುವುದು ಕೇಲ್ ಅರ್ಧ ಸರಿ. ಆದರೆ ಜಾಗದ ಚೌಕಾಸಿಯ ಫೋನ್ ಮಾತುಕತೆಗಳನ್ನು ಸಿನಿಮಾದವರೇ ಸಿನಿಮಾದೊಳಗೆ ಇಟ್ಟಿದ್ದಾರೆ. ಮುಚ್ಚಿಡಬೇಕು ಅಂತಿದ್ದವರು ಹಾಗೆ ಮಾಡುತ್ತಿದ್ದರಾ?

ಈ ಸಿನಿಮಾದ ನಿಜವಾದ ತಲೆ ಷಾರ್ಲಟ್ ಜ್ವೆರಿನ್ ಅವರದ್ದು, ಸಂಕಲನ ಮಾಡಿದವರು, ನಿರ್ದೇಶಕರ ಜಾಗದಲ್ಲಿ ಅವರ ಹೆಸರೂ ಇದೆ. ಕೊಲೆಯನ್ನು ಕೊನೆಯ ತಿರುವಾಗಿ ಬಚ್ಚಿಡಲಿಲ್ಲ. ಶುರುವಿನಲ್ಲೇ ಹೇಳಿಬಿಡುತ್ತಾರೆ. ಆಮೇಲೆ ಜಾಗರ್ ಮತ್ತು ಚಾರ್ಲಿಯನ್ನು ಸಂಕಲನದ ಕೋಣೆಗೆ ಕರೆಸಿ, ಅವರದ್ದೇ ದೃಶ್ಯಗಳನ್ನು ಅವರಿಗೆ ತೋರಿಸಿ, ಅವರು ನೋಡುವುದನ್ನು ಚಿತ್ರೀಕರಿಸಿದರು. ಆದ್ದರಿಂದ ನಾವು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಕುಣಿತ ನೋಡುವಾಗಲೂ ಮುಂದೆ ಏನಿದೆ ಅಂತ ಗೊತ್ತಿರುತ್ತದೆ. ಒಂದು ಹಾಡೂ ನಿಶ್ಚಿಂತೆಯಾಗಿ ಕೇಳಲು ಆಗುವುದಿಲ್ಲ.

ಕೊಲೆಯ ದೃಶ್ಯ ಹೀಗಿದೆ. ಸಣ್ಣ ಪರದೆಯ ಎಡಿಟಿಂಗ್ ಮೇಜು. ಹಿಂದಕ್ಕೆ ಹಾಕಿ ತೋರಿಸಿ ಅಂತ ಜಾಗರ್ ಕೇಳುತ್ತಾರೆ. ಡೇವಿಡ್ ಮೇಸಲ್ಸ್ ರೀಲು ಹಿಂದಕ್ಕೆ ಓಡಿಸಿ ನಿಲ್ಲಿಸುತ್ತಾರೆ. ಹಂಟರ್ ಜೊತೆಗಿದ್ದ ಹುಡುಗಿ ತಿಳಿ ಬಣ್ಣದ ಕ್ರೋಶಾ ಉಡುಪು ಹಾಕಿದ್ದಾಳೆ. ಆ ಬಿಳಿಚು ಬಟ್ಟೆಯ ಮುಂದೆ ಒಂದು ಕ್ಷಣ ಹಂಟರ್ ಕೈಯಲ್ಲಿದ್ದ ಪಿಸ್ತೂಲಿನ ಕಪ್ಪು ಆಕಾರ ಕಾಣುತ್ತದೆ. ಉಡುಪು ಕಪ್ಪಾಗಿದ್ದಿದ್ದರೆ ಏನೂ ಕಾಣುತ್ತಿರಲಿಲ್ಲ. ಮುಂದಿನ ವಿಚಾರಣೆಯಲ್ಲಿ ಈ ದೃಶ್ಯ ಸಾಕ್ಷಿಯಾಯಿತು, ಇರಿದವನು ಆತ್ಮರಕ್ಷಣೆಗೆ ಅಂತ ವಾದಿಸಿ 1971ರಲ್ಲಿ ಬಿಡುಗಡೆಯಾದ. ಕೆಲವೇ ಫ್ರೇಮುಗಳು. ಇನ್ನೊಂದು ಮಾತು, ಹುಡುಗ ಸತ್ತದ್ದು 'ಸಿಂಪಥಿ ಫಾರ್ ದಿ ಡೆವಿಲ್' ಹಾಡುವಾಗ ಅಂತ ಇವತ್ತಿಗೂ ಹೇಳುವವರಿದ್ದಾರೆ. ದೆವ್ವದ ಹಾಡು, ಕೊಲೆ, ಕಥೆ ಚೆನ್ನಾಗಿ ಕೂರುತ್ತದೆ. ಅದು ಸುಳ್ಳು. ಆಗ ನಡೆಯುತ್ತಿದ್ದದ್ದು 'ಅಂಡರ್ ಮೈ ಥಂಬ್'. ಸಿನಿಮಾ ನೋಡಿದವರಿಗೆ ಗೊತ್ತು, ಕಥೆ ಕೇಳಿದವರಿಗೆ ಗೊತ್ತಿಲ್ಲ.

ಚಾರ್ಲಿ ಎಲ್ಲಿ? ಅದೇ ಕೋಣೆಯಲ್ಲಿ. ಏಂಜಲ್ಸ್ ನಾಯಕ ಸನ್ನಿ ಬಾರ್ಜರ್ ರೇಡಿಯೊಗೆ ಫೋನ್ ಮಾಡಿ ಕೂಗಾಡಿದ ಧ್ವನಿ ಹಾಕಿದ್ದಾರೆ. ಚಾರ್ಲಿ ತಲೆ ತಗ್ಗಿಸಿ ಕೇಳುತ್ತಾರೆ. ಛೆ ಅನ್ನುವ ಹಾಗೆ ಒಂದು ಸಣ್ಣ ಮಾತು ಹೊರಬೀಳುತ್ತದೆ, ಅಷ್ಟೇ. ಇದಲ್ಲದೆ ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೊ ದೃಶ್ಯ ಇದೆ. ಆಗ ತಾನೇ ಮುದ್ರಿಸಿದ 'ವೈಲ್ಡ್ ಹಾರ್ಸಸ್' ಕೇಳುತ್ತಿದ್ದಾರೆ. ಕೀತ್ ಕಣ್ಣು ಮುಚ್ಚಿ ಹಾಡಿನೊಳಗೆ ಮುಳುಗಿದ್ದಾರೆ, ಕ್ಯಾಮೆರಾ ಅವರ ಸವೆದ ಬೂಟುಗಳ ಕಡೆ ಇಳಿಯುತ್ತದೆ. ಆಮೇಲೆ ಚಾರ್ಲಿ ಮುಖ. ಅವರು ಕ್ಯಾಮೆರಾ ಕಣ್ಣನ್ನೇ ನೇರವಾಗಿ ನೋಡುತ್ತಾರೆ, ತುಂಬ ಹೊತ್ತು. ಸಿನಿಮಾದಲ್ಲಿ ಹಾಗೆ ನೋಡಬಾರದು ಅಂತಾರೆ. ಜ್ವೆರಿನ್ ಅದನ್ನು ಕತ್ತರಿಸಲಿಲ್ಲ. ನನ್ನ ಪಾಲಿಗೆ ಇಡೀ ಸ್ಟೋನ್ಸ್ ಚಿತ್ರರಾಶಿಯಲ್ಲಿ ಇದಕ್ಕಿಂತ ಒಳ್ಳೆ ಹಾಡಿನ ದೃಶ್ಯ ಇನ್ನೊಂದಿಲ್ಲ, ಅದರಲ್ಲಿ ಯಾರೂ ಏನೂ ನುಡಿಸುತ್ತಿಲ್ಲ.

ಇದಾದ ಮೇಲೆ ಬ್ಯಾಂಡ್ ಹುಷಾರಾಯಿತು ಅನ್ನಬಹುದು. 1972ರ ಪ್ರವಾಸವನ್ನು ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಚಿತ್ರೀಕರಿಸಿದರು. ಆ ಸಿನಿಮಾದ ಹೆಸರು ಇಲ್ಲಿ ಬರೆಯುವಂಥದ್ದಲ್ಲ, ಮನೆಯಲ್ಲಿ ಮಕ್ಕಳೂ ಓದುತ್ತಾರೆ. ಹೋಟೆಲ್ ರೂಮು, ಡ್ರಗ್ಸ್, ಬೇಜಾರು, ಮತ್ತೆ ಹೋಟೆಲ್ ರೂಮು. ನೋಡಿದ ಬ್ಯಾಂಡ್ ಬಿಡುಗಡೆ ಬೇಡ ಅಂದಿತು, ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ ಆದ ಒಪ್ಪಂದ ವಿಚಿತ್ರ: ಫ್ರಾಂಕ್ ಖುದ್ದು ಹಾಜರಿದ್ದರೆ ಮಾತ್ರ, ಅದೂ ಅಪರೂಪಕ್ಕೆ ತೋರಿಸಬಹುದು. ಹೀಗೆ ಅದು ಕಳ್ಳ ಪ್ರತಿಗಳಲ್ಲಿ ಓಡಾಡಿ ದಂತಕಥೆಯಾಯಿತು. ನೋಡಿದವರು ದೊಡ್ಡ ಗುಟ್ಟು ಗೊತ್ತಿರುವವರ ಹಾಗೆ ಆಡುತ್ತಾರೆ. ನಿಜ ಹೇಳಬೇಕೆಂದರೆ ಬಹುಪಾಲು ಬೋರು, ಆದರೆ ಬೋರೇ ಅದರ ವಿಷಯ. ಪ್ರವಾಸ ಅಂದರೆ 22 ಗಂಟೆ ಕಾಯುವುದು, 2 ಗಂಟೆ ನುಡಿಸುವುದು. ಬೇರೆ ಯಾವ ಸಿನಿಮಾ ಆ 22 ಗಂಟೆ ತೋರಿಸುತ್ತದೆ ಹೇಳಿ.

ಬೇಡ ಅನ್ನಿಸಿಕೊಂಡು ಮೂಲೆಗೆ ಬಿದ್ದದ್ದು ಇದೊಂದೇ ಅಲ್ಲ. 1968ರ ಡಿಸೆಂಬರ್‌ನಲ್ಲಿ ಟಿವಿಗೆ ಅಂತ ತೆಗೆದ 'ರಾಕ್ ಅಂಡ್ ರೋಲ್ ಸರ್ಕಸ್' ಹೊರಬಂದದ್ದು 1996ರಲ್ಲಿ. ಅತಿಥಿಯಾಗಿ ಬಂದಿದ್ದ 'ದಿ ಹೂ' ಬ್ಯಾಂಡಿನವರು ಮನೆಯವರಿಗಿಂತ ಚೆನ್ನಾಗಿ ನುಡಿಸಿಬಿಟ್ಟಿದ್ದರು.

ಇನ್ನು ಒಪ್ಪಿಗೆ ಇರುವ ಇತಿಹಾಸಗಳು. 1989ರಲ್ಲಿ '25 ಬೈ 5', 2012ರಲ್ಲಿ ಐವತ್ತನೇ ವರ್ಷಕ್ಕೆ 'ಕ್ರಾಸ್‌ಫೈರ್ ಹರಿಕೇನ್'. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನಿಸುವುದು ಇಲ್ಲೇ: ಅದೇ ಹುಡುಗಿಯರ ಕಿರುಚಾಟ, ಅದೇ ಪೊಲೀಸ್ ದಾಳಿ, ಅದೇ ಆಲ್ಟಮಾಂಟ್. ಆದರೂ ಎರಡನೆಯದರಲ್ಲಿ ಬ್ರೆಟ್ ಮಾರ್ಗನ್ ಒಂದು ಜಾಣತನ ಮಾಡಿದ್ದಾರೆ. ಹೊಸ ಸಂದರ್ಶನಗಳಿಗೆ ಕ್ಯಾಮೆರಾ ಇಲ್ಲ, ಬರೀ ಧ್ವನಿ. ಪರದೆಯ ಮೇಲೆ ಇಪ್ಪತ್ತೈದರ ಹುಡುಗ, ಕಿವಿಗೆ ಎಪ್ಪತ್ತರ ಹತ್ತಿರದ ಮುದುಕನ ದನಿ. ನನಗೆ ನೆನಪಿಲ್ಲ ಅಂತ ಮುದುಕ ಹೇಳುವಾಗ ಹುಡುಗ ಮುಂದೆ ಕುಣಿಯುತ್ತಿರುತ್ತಾನೆ. ಇಷ್ಟು ದೀರ್ಘ ಕಾಲ ಬಾಳಿದ ಬ್ಯಾಂಡಿಗೆ ಮಾತ್ರ ಸಾಧ್ಯವಾಗುವ ವಿಷಯ ಇದು, ತನ್ನ ಯೌವನದ ಮೇಲೆ ತಾನೇ ಕತ್ತರಿ ಆಡಿಸುವುದು. ಅಭಿಮಾನಿಗಳ ದೂರು ಬೇರೆ. ಕಥೆ ಎಂಬತ್ತರ ದಶಕದ ಆರಂಭಕ್ಕೆ ಬಂದು ನಿಂತುಬಿಡುತ್ತದೆ, ಮುಂದಿನ ಮೂವತ್ತು ವರ್ಷ ಎಲ್ಲಿ ಹೋಯಿತು? ದೂರು ನ್ಯಾಯವೇ. ಆದರೆ ಗಂಡಾಂತರ ಮುಗಿದ ಮೇಲೆ ಕಥೆ ಮುಗಿಯುತ್ತದೆ ಅಂತ ಸಿನಿಮಾದವರಿಗೆ ಅನ್ನಿಸುತ್ತದೆ. ಕಷ್ಟಪಟ್ಟು ಮನೆ ಕಟ್ಟಿದ ಕಥೆ ಎಲ್ಲರೂ ಹೇಳುತ್ತಾರೆ, ಆಮೇಲೆ ಮೂವತ್ತು ವರ್ಷ ಅದರಲ್ಲಿ ವಾಸ ಮಾಡಿದ್ದನ್ನು ಯಾರು ಹೇಳುತ್ತಾರೆ?

ಆ ಮೂವತ್ತು ವರ್ಷದಲ್ಲೇ ನಮ್ಮ ಬೆಂಗಳೂರೂ ಬರುತ್ತದೆ. 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ಸ್ಟೋನ್ಸ್ ನುಡಿಸಿದರು, ಆಮೇಲೆ ಮುಂಬೈ. ಅಲ್ಲಿಗೆ ಹೋಗಿದ್ದ ನನ್ನ ಗೆಳೆಯನೊಬ್ಬ ಟಿಕೆಟ್ ಚೂರನ್ನು ಇನ್ನೂ ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಅದೇ ವರ್ಷ ಆ ಪ್ರವಾಸದ ನಾಲ್ಕು ಡಿವಿಡಿಗಳ 'ಫೋರ್ ಫ್ಲಿಕ್ಸ್' ಬಂತು. ಪೂರ್ತಿ ಕಾರ್ಯಕ್ರಮ ಇರುವುದು ನ್ಯೂಯಾರ್ಕ್, ಲಂಡನ್, ಪ್ಯಾರಿಸ್‌ನದ್ದು. ಕ್ಯಾಮೆರಾ ಎಲ್ಲಿ ನಿಲ್ಲುತ್ತದೋ ಇತಿಹಾಸ ಅಲ್ಲೇ ನಿಲ್ಲುತ್ತದೆ ಅಂತ ಅವನು ಗೊಣಗುವುದರಲ್ಲಿ ತಪ್ಪಿಲ್ಲ.

ಸ್ಕೋರ್ಸೇಸಿಯವರ 'ಶೈನ್ ಎ ಲೈಟ್' ಅನ್ನು ಡಾಕ್ಯುಮೆಂಟರಿ ಅನ್ನಬೇಕೋ ಬೇಡವೋ ಅಂತಲೂ ಒಂದು ವಾದ ಇದೆ. 2006ರಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರ್‌ನಲ್ಲಿ ಎರಡು ರಾತ್ರಿ ಚಿತ್ರೀಕರಣ, 2008ರಲ್ಲಿ ಬಿಡುಗಡೆ. ಸಣ್ಣ ಥಿಯೇಟರು, ರಾಶಿ ಕ್ಯಾಮೆರಾಗಳು. ಹಾಡಿನ ಪಟ್ಟಿ ಕೊನೇ ನಿಮಿಷದವರೆಗೂ ಕೈಗೆ ಸಿಗಲಿಲ್ಲ ಅಂತ ನಿರ್ದೇಶಕರು ಚಡಪಡಿಸುವುದು ಅರ್ಧ ನಾಟಕದ ಹಾಗಿದೆ. ಹೊಸ ಸಂಗತಿ ಏನೂ ಸಿಗುವುದಿಲ್ಲ. ಆದರೆ ಜೋರಾದ ಒಂದು ಹಾಡು ಮುಗಿದ ಮೇಲೆ 65 ವರ್ಷದ ಚಾರ್ಲಿ ಕ್ಯಾಮೆರಾ ಕಡೆ ತಿರುಗಿ ಕೆನ್ನೆ ಉಬ್ಬಿಸಿ ಉಸ್ ಅಂತ ಉಸಿರು ಬಿಡುತ್ತಾರೆ ನೋಡಿ, ಆ ಒಂದು ಕ್ಷಣಕ್ಕೆ ಪೂರ್ತಿ ದುಡ್ಡು ವಸೂಲಿ. ಪಕ್ಕದಲ್ಲಿ ಜಾಗರ್ ಇನ್ನೂ ಓಡುತ್ತಲೇ ಇದ್ದಾರೆ.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು 'ಕ್ರಾಸ್‌ಫೈರ್ ಹರಿಕೇನ್' ಅನ್ನುತ್ತೇನೆ, ಬೈಸಿಕೊಳ್ಳಲು ತಯಾರಾಗಿಯೇ. ಮೊದಲು ಬ್ಯಾಂಡ್ ತಾನೇ ಹೇಳಿಕೊಳ್ಳುವ ಕಥೆ ಕೇಳಿ. ಆಮೇಲೆ 'ಗಿಮ್ಮಿ ಶೆಲ್ಟರ್' ಹಾಕಿ, ಆ ಕಥೆಯಲ್ಲಿ ಸಲೀಸಾಗಿ ದಾಟಿಹೋದದ್ದು ಎಷ್ಟು ಭಾರ ಇತ್ತು ಅಂತ ತಿಳಿಯುತ್ತದೆ. ಬ್ರಯಾನ್ ಬಗ್ಗೆ ಮನಸ್ಸು ಚುಚ್ಚಿದರೆ ನಿಕ್ ಬ್ರೂಮ್‌ಫೀಲ್ಡ್ 2023ರಲ್ಲಿ ಮಾಡಿದ್ದು ನೋಡಿ. ಅದರಲ್ಲಿ ಜಾಗರ್, ಕೀತ್ ಹೊಸದಾಗಿ ಮಾತಾಡುವುದಿಲ್ಲ, 1993ರಲ್ಲೇ ಬ್ಯಾಂಡ್ ಬಿಟ್ಟ ಬಿಲ್ ವೈಮನ್ ಮಾತಾಡುತ್ತಾರೆ. ಬ್ರಯಾನ್ ನುಡಿಸಿದ ಒಂದೊಂದು ಸಣ್ಣ ತುಣುಕನ್ನೂ ಬಿಲ್ ಕೇಳಿಸಿ ತೋರಿಸಿ ಖುಷಿಪಡುವುದು ನೋಡಿದರೆ, ಗೊದಾರ್ ಸಿನಿಮಾದ ಆ ಗೂಡು ಮತ್ತೆ ನೆನಪಾಗುತ್ತದೆ.

ಕೊನೆಗೆ ಬಿಬಿಸಿಯ 2022ರ ಸರಣಿ, 'ಮೈ ಲೈಫ್ ಆಸ್ ಎ ರೋಲಿಂಗ್ ಸ್ಟೋನ್'. ನಾಲ್ಕು ಕಂತು, ಒಬ್ಬೊಬ್ಬರಿಗೆ ಒಂದೊಂದು. ಮಿಕ್, ಕೀತ್, ಗಿಟಾರಿಸ್ಟ್ ರಾನಿ ವುಡ್ ಮೂವರೂ ತಮ್ಮ ಕಂತಿನಲ್ಲಿ ಕೂತು ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಚಾರ್ಲಿ 2021ರ ಆಗಸ್ಟ್‌ನಲ್ಲಿ ಹೋಗಿಬಿಟ್ಟಿದ್ದರು. ಅವರ ಕಂತಿನಲ್ಲಿ ಹಳೆಯ ತುಣುಕುಗಳಿವೆ, ಉಳಿದವರ ಮಾತಿದೆ. ಐವತ್ತೆಂಟು ವರ್ಷ ಅವರ ಮುಂದೆ ಕುಣಿದವರು ಈಗ ಅವರ ಬಗ್ಗೆ ಮಾತಾಡುತ್ತ ಮಧ್ಯೆ ಮಧ್ಯೆ ನಿಲ್ಲುತ್ತಾರೆ. ಈ ಸಲ ನಾನು ಆ ಉಳಿದವರ ಮುಖ ನೋಡುತ್ತಿದ್ದೆ.